ವೀಳ್ಯದ ಪಟ್ಟಿಯಲ್ಲಿ ಒಂದು ಹಲೇಯೋ

ನನ್ನ ಅಕ್ಷರ ಮುತ್ತಿನಂತಿದೆ ಎಂದು ಮಧುಗಿರಿಯಲ್ಲಿ ಎಲ್ಲರೂ ಹೇಳುತ್ತಾರೆ. ಜಂಬಕ್ಕೆ ಈ ಮಾತು ಎತ್ತುತ್ತಿಲ್ಲ. ನನಗೆ ಬಂದ ಫಜೀತಿಗಳಿಗೆಲ್ಲ ಆ ಅಕ್ಷರವೇ ಮೂಲವಾದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಒಪ್ಪಿಸಿಕೊಂಡು ಮನೆಗೆ ಬಂದು ಕಾಲು ತೊಳೆಯುವುದರೊಳಗೆ ಯಾರಾದರೊಬ್ಬರು ಜಗಲಿಯ ಮೇಲೆ ಕೂತಿರುತ್ತಾರೆ. "ಮೇಷ್ಟ್ರೇ, ಒಂದು ಅರ್ಜಿ." "ಮೇಷ್ಟ್ರೇ, ಒಂದು ಲಗ್ನಪತ್ರಿಕೆ." ಬರೆಯುವುದಷ್ಟೇ ನನ್ನ ಕೆಲಸ, ಬರೆಸಿದ್ದಕ್ಕೆ ನಾನು ಹೊಣೆಯಲ್ಲ ಎಂದು ಎಷ್ಟು ಸಲ ಹೇಳಿದರೂ ಅಷ್ಟೇ. ಆ ಹಲೇಯೋ ಪ್ರಸಂಗ ಬಂದಾಗ ಊರಿನವರು ಬೊಮ್ಮಪ್ಪನ ಹೆಸರಿನ ಹಿಂದೆ ನನ್ನ ಹೆಸರನ್ನೂ ಬಾಲದ ಹಾಗೆ ಕಟ್ಟಿಯೇ ಮಾತಾಡುತ್ತಾರೆ.

ಬೊಮ್ಮಪ್ಪ ನಮ್ಮ ಮನೆಯಿಂದ ಮೂರನೆಯ ಮನೆಯವನು. ಕತ್ತಾಳೆ ನಾರಿನ ಹಗ್ಗ ಹೊಸೆದು ಮಾರುವುದು ಅವನ ಕಸುಬು. ಮದುವೆಯಾಗಲಿಲ್ಲ. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅಕ್ಕ ಪುಟ್ಟಕ್ಕನ ಸಂಸಾರವೇ ಅವನ ಸಂಸಾರ. ಅವಳ ಮಗಳು ಲಕ್ಷ್ಮಕ್ಕನೇ ಅವನ ಕಣ್ಣು. ಇದರ ಮೇಲೆ ಮನೆಯಲ್ಲಿ ಮುದಿ ತಾಯಿ ಮುದ್ದಕ್ಕ. ಆಕೆಗೆ ಹತ್ತು ವರ್ಷದಿಂದ ಕಿವಿ ಮಂದ. ಆದರೆ ಅದನ್ನು ಆಕೆ ಒಪ್ಪಿದವಳೇ ಅಲ್ಲ. ಊರಿನವರೆಲ್ಲ ಮೆಲ್ಲಗೆ ಮಾತಾಡುವ ಕೆಟ್ಟ ಚಾಳಿ ಕಲಿತಿದ್ದಾರೆ ಎಂದೇ ಆಕೆಯ ವಾದ. ಯಾವ ಮದುವೆಗೆ ಹೋದರೂ ಓಲಗದವನ ಪಕ್ಕದಲ್ಲೇ ಕೂತು, "ಓಲಗ ಹೇಳಿಲ್ವೇನ್ಲಾ ಈ ಲೋಭಿಗಳು?" ಎಂದು ಕೇಳುತ್ತಿದ್ದಳು.

ಬೊಮ್ಮಪ್ಪ ಒಳ್ಳೆಯವನು. ಇರುವೆಗೂ ದಾರಿ ಬಿಟ್ಟು ನಡೆಯುವವನು. ಆದರೆ ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು ಇದ್ದ ಹಾಗೆ ಅವನಿಗೆ ಪದಗಳ ಚಟ. ಯಾರಲ್ಲೂ ಇಲ್ಲದ ಪದ ತನ್ನಲ್ಲಿರಬೇಕು. ಕಚೇರಿಯ ಜವಾನನಿಂದ "ಆಲ್ ರೈಟ್" ಎಂಬುದನ್ನು ಸಂಪಾದಿಸಿ ಆರು ತಿಂಗಳು ಮೆರೆದ. ಓಣಿಯ ಕೊನೆಯ ಮನೆಯವರು ಅಳುತ್ತಾ ಬಂದು "ನಮ್ಮೆಮ್ಮೆ ಸತ್ತೋಯ್ತು ಬೊಮ್ಮಪ್ಪಣ್ಣ" ಎಂದಾಗಲೂ "ಆಲ್ ರೈಟ್" ಎಂದು ಹೇಳಿ ಏಟು ತಿನ್ನುವುದರಿಂದ ಸ್ವಲ್ಪದರಲ್ಲಿ ಉಳಿದುಕೊಂಡ. ಅಷ್ಟರಲ್ಲಿ ಕ್ಷೌರಿಕನೂ ಗಡ್ಡ ಕೆರೆದಾದ ಮೇಲೆ "ಆಲ್ ರೈಟ್" ಅನ್ನತೊಡಗಿದ. ಪದದ ಬೆಲೆ ಬಿದ್ದುಹೋಯಿತು. ಇಂಗ್ಲಿಷೆಂಬುದು ಬೀದಿಪಾಲಾಯಿತೆಂದು ಬೊಮ್ಮಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಗ ಅವನ ಕಣ್ಣಿಗೆ ಬಿದ್ದವನು ಶಿರಾದ ಬಾಷಾ ಸಾಬ್. ಬಾಷಾ ಸಾಬ್ ದೊಡ್ಡ ಯುದ್ಧದ ಕಾಲದಲ್ಲಿ ಸಂಸ್ಥಾನದ ಕುದುರೆ ದಂಡಿನ ಜೊತೆ ಈಜಿಪ್ಟಿಗೆ ಹೋಗಿ ಬಂದವನು. ಹೋದದ್ದು ಕತ್ತಿ ಬೀಸುವುದಕ್ಕಲ್ಲ, ಕುದುರೆಗಳಿಗೆ ಲಾಳ ಕಟ್ಟುವುದಕ್ಕೆ. ಹಿಂತಿರುಗಿ ಬಂದ ಮೇಲೆ ಸಂತೆಯಿಂದ ಸಂತೆಗೆ ಹೋಗಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ. ಮಧುಗಿರಿಯಲ್ಲಿ ಅವನ ಜಾಗ ಪಾವಗಡ ರಸ್ತೆಯ ಹುಣಸೇ ಮರದಡಿ. ಅಲ್ಲಿ ನಡೆದದ್ದು ನನಗೆ ಆಮೇಲೆ ತಿಳಿದದ್ದಾದರೂ ಇಲ್ಲೇ ಹೇಳುತ್ತೇನೆ.

"ಸಾಬ್ರೆ, ನೀವು ಅಷ್ಟು ದೇಶ ತಿರುಗಿದೀರ. ನಂಗೊಂದು ಪದ ಕೊಡ್ರಿ" ಎಂದ ಬೊಮ್ಮಪ್ಪ.

"ಪದ ಬೇಕಾ? ಮೊದ್ಲು ಈ ಎತ್ತಿನ ಕುತ್ತಿಗೆ ಮೇಲೆ ಕೂತ್ಕೊ. ನಾಲ್ಕೂ ಕಾಲು ಮುಗೀಲಿ, ಆಮೇಲೆ ಕೊಡ್ತೀನಿ."

ಕೆಡವಿ ಕಾಲು ಕಟ್ಟಿದ ಎತ್ತಿನ ಕುತ್ತಿಗೆಯನ್ನು ಬೊಮ್ಮಪ್ಪ ಅಪ್ಪಿಕೊಂಡು ಕೂತ. ಎತ್ತು ಎರಡು ಸಲ ಕೊಸರಿತು. ಮೂರನೆಯ ಸಲ ಬೊಮ್ಮಪ್ಪನೇ ಹುಣಸೇ ಮರದ ಬುಡಕ್ಕೆ ಹೋಗಿ ಬಿದ್ದ. ಕೊನೆಯ ಮೊಳೆ ಹೊಡೆದು ಬಾಷಾ ಸಾಬ್ ಬೆವರು ಒರೆಸಿಕೊಂಡು ಹೇಳಿದ:

"ತಗೋ. ಹಲೇಯೋ."

"ಯಾವ ದೇಶದ್ದು?"

"ಸ್ಪೇನ್. ಪೋರ್ಟ್ ಸೈದ್ ಬಂದರಲ್ಲಿ ನಮ್ಮ ಹಡಗು ಎಂಟು ದಿನ ನಿಂತಿತ್ತು. ಪಕ್ಕದ ಹಡಗಲ್ಲಿ ಸ್ಪೇನಿನ ಅಡಿಗೆಯವ ಒಬ್ಬ. ನಂಗೆ ಅವನ ಮಾತಿಲ್ಲ, ಅವನಿಗೆ ನಂದಿಲ್ಲ. ಆದ್ರೂ ದೋಸ್ತಿ. ಸಂಜೆಯಾದ್ರೆ ಅವ್ರೆಲ್ಲ ಸೇರೋರು. ಒಬ್ಬ ಕುಣಿಯೋನು, ಒಬ್ಬ ಪಾತ್ರೆ ಬಡಿಯೋನು, ಉಳಿದೋರು ಚಪ್ಪಾಳೆ, ಕೂಗು, ನಗು. ಎಲ್ಲ ಒಟ್ಟಿಗೆ! ಅಲ್ಲಾ ಕಸಮ್, ಕಿವೀಲಿ ಹಬ್ಬ! ನಾನು ಕೈ ತಿರುಗಿಸಿ ಏನಿದು ಅಂತ ಕೇಳ್ದೆ. ಅವ ಹೇಳ್ದ, 'ಹಲೇಯೋ'. ಖುಷಿಗೆ ಆಗೋ ಸದ್ದು ಕಣಪ್ಪ ಅದು. ಜಗಳದ್ದಲ್ಲ, ಸಂತೇದಲ್ಲ, ಖುಷೀದು."

ಬೊಮ್ಮಪ್ಪ ಆ ಪದವನ್ನು ನಾಲಿಗೆಯ ಮೇಲೆ ಮೂರು ಸಲ ಹೊರಳಿಸಿಕೊಂಡು, ಸೊಂಟ ಹಿಡಿದುಕೊಂಡು ಮನೆಗೆ ಬಂದ. ಹಸ್ತಪ್ರತಿ ಸಿಕ್ಕ ಪಂಡಿತನ ಮುಖದಲ್ಲೂ ಅಷ್ಟು ಕಳೆ ಇರುತ್ತಿರಲಿಲ್ಲ. ಇಂಥ ಪದವನ್ನು ಎಲ್ಲೆಂದರಲ್ಲಿ ಚೆಲ್ಲಬಾರದು, ತಕ್ಕ ಸಭೆ ಸಿಗುವವರೆಗೆ ಗಂಟು ಕಟ್ಟಿ ಇಡಬೇಕು ಎಂದು ತೀರ್ಮಾನಿಸಿದ.

ತಕ್ಕ ಸಭೆ ಎಂಟೇ ದಿನದಲ್ಲಿ ಸೇರಿತು. ಲಕ್ಷ್ಮಕ್ಕನ ವೀಳ್ಯಶಾಸ್ತ್ರ.

ಗಂಡು ಪಾವಗಡದ ಓಬಳೇಶ. ಗಟ್ಟಿ ಹುಡುಗ, ಮಾತು ಕಡಿಮೆ. ಅವನ ಪರವಾಗಿ ಮಾತಾಡುವುದಕ್ಕೆ ದೊಡ್ಡಪ್ಪ ಅಡವಯ್ಯನಿದ್ದ. ಆ ಒಬ್ಬನ ಮಾತೇ ಒಂದು ಊರಿಗೆ ಸಾಕಾಗುತ್ತಿತ್ತು. ಕೆಂಪು ರುಮಾಲು, ಹುರಿ ಮಾಡಿದ ಮೀಸೆ. ಅರ್ಧ ಕನ್ನಡ, ಅರ್ಧ ತೆಲುಗು. ಯಾವ ವಸ್ತು ತೋರಿಸಿದರೂ ಅದಕ್ಕಿಂತ ದೊಡ್ಡದು ತಮ್ಮೂರಿನಲ್ಲಿದೆ ಅನ್ನುವ ಜಾತಿ. ನಮ್ಮ ಮಧುಗಿರಿ ಬೆಟ್ಟವನ್ನೇ ಕತ್ತೆತ್ತಿ ನೋಡಿ, "ಪರವಾಗಿಲ್ಲ, ಚಿಕ್ಕದಾಗಿ ಚೊಕ್ಕಟವಾಗೈತೆ" ಎಂದುಬಿಟ್ಟಿದ್ದ.

ನಮ್ಮ ಕಡೆ ವೀಳ್ಯವೆಂದರೆ ಸಣ್ಣ ಮಾತಲ್ಲ. ಯಾರು ಏನು ಮಾಡಬೇಕೆಂಬುದನ್ನು ಹಿರಿಯರ ಮುಂದೆ ಒಂದೊಂದಾಗಿ ಹೇಳಿ ಪಟ್ಟಿ ಬರೆಸುತ್ತಾರೆ. ಅದನ್ನು ಗಟ್ಟಿಯಾಗಿ ಓದಿ, ಎರಡೂ ಕಡೆಯವರು ಎಲೆ ಅಡಿಕೆ ಬದಲಾಯಿಸಿಕೊಂಡರೆ ಮುಗಿಯಿತು. ಆಮೇಲೆ ಒಂದು ಅಕ್ಷರ ಅಳಿಸುವಂತಿಲ್ಲ. ಅಳಿಸಿದವರ ಮನೆಯ ಮಾತೇ ಅಳಿಸಿದ ಹಾಗೆ. ಇದರ ಮೇಲೆ ಅಡವಯ್ಯನ ಮನೆತನದ್ದು ಇನ್ನೊಂದು ಪದ್ಧತಿ: ಹೆಣ್ಣಿನವರು ಗಂಡಿನ ಕಡೆಯ ನಿಬ್ಬಣವನ್ನು ಊರ ಬಾಗಿಲಲ್ಲಿ ಎದುರುಗೊಳ್ಳುವಾಗ, ಪಟ್ಟಿಯಲ್ಲಿ ಬರೆದ ವಾದ್ಯಗಳನ್ನೆಲ್ಲ ಒಂದೊಂದಾಗಿ ನುಡಿಸಬೇಕು. ಎಲ್ಲಕ್ಕೂ ಹಿರಿಯ "ಆಯ್ತು" ಅಂದ ಮೇಲೆಯೇ ನಿಬ್ಬಣ ಗಾಡಿಯಿಂದ ಇಳಿಯುವುದು.

ಪುಟ್ಟಕ್ಕನ ಪಡಸಾಲೆಯಲ್ಲಿ ನಾನು ಪಟ್ಟಿ ಬರೆಯುತ್ತಾ ಕೂತೆ. ಚಪ್ಪರ, ಮೂರು ಹೊತ್ತಿನ ಊಟ, ಸೀರೆ, ಕಾಲುಂಗುರ ಎಲ್ಲ ಸಲೀಸಾಗಿ ಹೋಯಿತು. ಎದುರುಗೊಳ್ಳುವ ವಾದ್ಯದ ಬಾಬು ಬಂತು.

"ಓಲಗ ಒಂದು ಜೊತೆ, ತಮಟೆ ನಾಲ್ಕು, ಕೊಂಬು ಎರಡು" ಎಂದು ಬೊಮ್ಮಪ್ಪ ಹೇಳಿದ. ನಾನು ಬರೆದೆ.

ಅಡವಯ್ಯ ಮೀಸೆ ತೀಡಿದ. "ಅಂತೇನಾ?" ಎಂದ. ಇಷ್ಟೇನಾ ಎಂದು ಅರ್ಥ. ಅವನ ಹಿಂದೆ ಕೂತ ಪಾವಗಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಸಿಮುಸಿ ನಕ್ಕರು. ಬೊಮ್ಮಪ್ಪನ ಕಿವಿ ಕೆಂಪಾಯಿತು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು, ಎಂಟು ದಿನದಿಂದ ಕಟ್ಟಿಟ್ಟಿದ್ದ ಗಂಟನ್ನು ಅಲ್ಲಿ ಬಿಚ್ಚಿದ.

"ಬರ್ಕಳಿ ಮೇಷ್ಟ್ರೇ. ಹಲೇಯೋ, ಒಂದು."

"ಅಂದ್ರೆ?" ಎಂದೆ ನಾನು, ಮೆಲ್ಲಗೆ.

"ನೀವು ಬರ್ಕಳಿ. ಗೊತ್ತಿರೋರ್ಗೆ ಗೊತ್ತಾಯ್ತದೆ."

ಈ ಒಂದು ವಾಕ್ಯ ಹೇಳದೆ ಇದ್ದಿದ್ದರೆ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಸಭೆಯಲ್ಲಿದ್ದ ನಲವತ್ತು ಜನರೂ ಆ ಕ್ಷಣದಲ್ಲಿ ಗೊತ್ತಿರುವವರಾಗಿಬಿಟ್ಟರು. ತಲೆಯಾಡಿಸುವವರೆಷ್ಟು, ಕಣ್ಣು ಮುಚ್ಚಿ "ಹ್ಞೂ" ಅನ್ನುವವರೆಷ್ಟು! ಅಡವಯ್ಯ ಪಟ್ಟಿಯ ಕಡೆ ಕಣ್ಣು ಹಾಯಿಸಿದ. ಅವನ ಮೀಸೆಯ ಒಂದು ಕಡೆ ಸ್ವಲ್ಪ ಇಳಿಯಿತು. ಆಮೇಲೆ ಕೆಮ್ಮಿ, ಎಲೆ ಅಡಿಕೆಗೆ ಕೈಹಾಕುತ್ತಾ ಹೇಳಿದ:

"ಒಂದೇನಾ? ಸರೇ ಬಿಡು. ಹೋದ ವರ್ಷ ನಮ್ಮ ತಮ್ಮನ ಮಗಳ ಪೆಂಡ್ಲಿಗೆ ನಾವು ಎರಡು ಇಟ್ಟಿದ್ವಪ್ಪ."

ನಾನು ಮುತ್ತಿನಂಥ ಅಕ್ಷರದಲ್ಲಿ "ಹಲೇಯೋ - ೧" ಎಂದು ಬರೆದು ಕೆಳಗೆ ಗೆರೆ ಎಳೆದೆ. ವೀಳ್ಯ ಬದಲಾಯಿತು.

ಜನ ಹೋದ ಮೇಲೆ ಬೊಮ್ಮಪ್ಪ ಬಂದು ನನ್ನ ಪಕ್ಕ ಕುಸಿದು ಕೂತು, ಹುಣಸೇ ಮರದ ಸಂಗತಿಯನ್ನೆಲ್ಲ ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು.

"ಅಲ್ಲಯ್ಯ, ಖುಷಿಯ ಸದ್ದನ್ನ ಒಂದು ಅಂತ ಲೆಕ್ಕ ಹಾಕಿ ಬರೆಸ್ತೀಯಲ್ಲ! ಹೋಗಿ ನಿಜ ಹೇಳಿಬಿಡು."

"ಹೆಂಗೆ ಹೇಳೋದು ಮೇಷ್ಟ್ರೇ? ಅದು ವಾದ್ಯ ಅಲ್ಲ ಅಂತ ನಾನಂದ್ರೆ, ಎರಡು ಇಟ್ಟಿದ್ವಿ ಅಂದ ಬೀಗರು ಸುಳ್ಳರಾಯ್ತಾರೆ. ನಲವತ್ತು ಜನದ ಮುಂದೆ ಬೀಗರನ್ನ ಸುಳ್ಳರು ಮಾಡಿದ ಮೇಲೆ ಹೆಣ್ಣು ತರ್ತಾರಾ ಅವ್ರು? ನಮ್ ಲಕ್ಷ್ಮಿ ಗತಿ ಏನು?"

ಮಾತು ಸರಿಯಾಗಿತ್ತು. ಬೊಮ್ಮಪ್ಪನ ಬಾಯಿಂದ ಸರಿಯಾದ ಮಾತು ಬರುವುದು ಯಾವಾಗಲೂ ಕಾಲ ಮಿಂಚಿದ ಮೇಲೆಯೇ.

ಮಾರನೆಯ ದಿನ ಊರೆಲ್ಲ ಹಲೇಯೋ. ಬಾವಿಕಟ್ಟೆಯಲ್ಲಿ ಒಬ್ಬಾಕೆ, ಅದು ಮೈಸೂರಿನ ಅರಮನೆಯಲ್ಲಿದೆ, ಹಬ್ಬದ ದಿನ ಮಾತ್ರ ಹೊರಗೆ ತೆಗೆಯುತ್ತಾರೆ ಎಂದಳು. ಇನ್ನೊಬ್ಬಾಕೆ, ತನ್ನ ತವರು ಚನ್ನರಾಯನದುರ್ಗದಲ್ಲಿ ಅದರ ಮರಿಯನ್ನು ನೋಡಿದ್ದೇನೆ ಎಂದಳು. ಬಡಗಿ ಬಂದು, ದಾರಿಯಲ್ಲಿ ಏನಾದರೂ ಮುರಿದರೆ ತಾನೇ ಸರಿಮಾಡಿಕೊಡುವೆ, ಆ ಕೆಲಸ ತನಗೆ ಹಳೆಯದು ಎಂದು ಧೈರ್ಯ ತುಂಬಿದ. ಪಕ್ಕದ ಮನೆಯವಳು ಪುಟ್ಟಕ್ಕನನ್ನು ಗುಟ್ಟಾಗಿ ಕರೆದು, "ಅದ್ಕೆ ಹುಲ್ಲು ಸಾಕಾಗ್ತದಾ ಕಣಮ್ಮ, ಇಲ್ಲ ಹುರುಳಿ ಬೇಯಿಸ್ಬೇಕಾ?" ಎಂದು ಕೇಳಿದಳು. ಏನದು ಎಂದು ಕೇಳಿದವರು ಮಾತ್ರ ಇಡೀ ಮಧುಗಿರಿಯಲ್ಲಿ ಒಬ್ಬರೂ ಇಲ್ಲ.

ಮೂರನೆಯ ದಿನ ನಾನು ಬೊಮ್ಮಪ್ಪನ ಜಗಲಿಯ ಮೇಲಿದ್ದಾಗ ಪೊಲೀಸ್ ದಫೇದಾರ್ ನಾಗಲಿಂಗಯ್ಯ ಬಂದ. ದಫೇದಾರನೆಂದರೆ ಎಲ್ಲವನ್ನೂ ತಿಳಿದಿರಬೇಕಾದವನು. ಆದ್ದರಿಂದ ಅವನಿಗೆ ಕೇಳುವ ಸ್ವಾತಂತ್ರ್ಯ ಉಳಿದವರಿಗಿಂತ ಕಡಿಮೆ.

"ಏನ್ ಬೊಮ್ಮಪ್ಪ, ಹಲೇಯೋ ತರಿಸ್ತಾ ಇದೀಯಂತೆ? ಇದು... ಮದ್ದು ತುಂಬೋ ಹಲೇಯೋನೋ, ಮದ್ದಿಲ್ಲದ್ದೋ?"

"ಮದ್ದಿಲ್ಲದ್ದು ಸ್ವಾಮಿ."

"ಅದೇ, ನಾನೂ ಅದೇ ಅಂದ್ಕೊಂಡೆ. ಕಚ್ಚೋ ಜಾತಿನೂ ಅಲ್ಲ ತಾನೆ?"

"ಇಲ್ಲ ಸ್ವಾಮಿ."

"ಸರಿ. ಮೇಷ್ಟ್ರೇ, ವಸಿ ಬರ್ಕೊಡಿ."

ಮತ್ತೆ ನಾನೇ. "ಸದರಿ ಬೊಮ್ಮಪ್ಪನ ಹಲೇಯೋ ಎಂಬುದನ್ನು ವಿಚಾರಿಸಲಾಗಿ, ಅದು ಗುಂಡು ಹಾರಿಸತಕ್ಕದ್ದಲ್ಲವೆಂತಲೂ ಕಚ್ಚತಕ್ಕದ್ದಲ್ಲವೆಂತಲೂ ತಿಳಿದುಬಂತು. ಮದುವೆಯ ದಿವಸ ಖುದ್ದು ಹಾಜರಿದ್ದು ನೋಡಿ ಪುನಃ ವರದಿ ಮಾಡಿಕೊಳ್ಳಲಾಗುವುದು." ನಾಗಲಿಂಗಯ್ಯ ರುಜು ಹಾಕಿ, ಮೀಸೆಯಡಿ ನಕ್ಕು, ಊಟಕ್ಕೂ ಹೇಳಿಸಿಕೊಂಡು ಹೋದ.

ಬೊಮ್ಮಪ್ಪ ಶಿರಾಕ್ಕೆ ಓಡಿದ. ಬಾಷಾ ಸಾಬನ ಮನೆಯ ಬಾಗಿಲಲ್ಲಿ ನಿಂತು, ಬಿಕ್ಕುವುದೊಂದು ಬಾಕಿ, ನಡೆದದ್ದನ್ನೆಲ್ಲ ಹೇಳಿದ. ಬಾಷಾ ಸಾಬ್ ನಕ್ಕ ನಗೆಗೆ ಒಳಗಿದ್ದ ಅವನ ಹೆಂಡತಿ ರಹಮತ್ ಬಿ ಏನೋ ಬಿತ್ತೆಂದು ಹೊರಗೆ ಬಂದಳಂತೆ.

"ಅರೇ ಬೊಮ್ಮಪ್ಪಣ್ಣ, ಅದು ತರೋ ಸಾಮಾನಲ್ಲ. ಅದು ಆಗ್ಬೇಕು! ನಾಲ್ಕು ಜನ ಸೇರಿ ಖುಷಿಯಾಗಿದ್ರೆ ತಾನಾಗೇ ಆಗುತ್ತೆ. ಮದುವೆಗೆ ನಾನೂ ಬರ್ತೀನಿ, ಫಿಕರ್ ಮಾಡ್ಬೇಡ."

"ತಾನಾಗೇ ಆಗುತ್ತೆ" ಅನ್ನುವುದನ್ನು ಬೊಮ್ಮಪ್ಪನಂಥವನು ನಂಬಿ ಕೂರುವುದುಂಟೆ? ಹಗ್ಗದವನು ಅವನು. ಹೊಸೆಯದೆ ಹಗ್ಗವಾದದ್ದನ್ನು ಅವನು ಕಂಡಿರಲಿಲ್ಲ. ಹಲೇಯೋವನ್ನೂ ಹೊಸೆಯಲು ಹೊರಟ. ಮದುವೆಗೆ ನಾಲ್ಕು ದಿನ ಮುಂಚೆ ಬಂದ ನೆಂಟರನ್ನೆಲ್ಲ ಹಿತ್ತಲಲ್ಲಿ ಸಾಲಾಗಿ ನಿಲ್ಲಿಸಿದ. ಇಪ್ಪತ್ತಾರು ಜನ.

"ನೋಡಿ, ನಾನು ಕೈ ಎತ್ತಿದ ತಕ್ಷಣ ಎಲ್ರೂ ಖುಷಿಯಾಗ್ಬೇಕು. ಚಪ್ಪಾಳೆ, ಕೂಗು, ನಗು. ಗೊತ್ತಾಯ್ತಾ?"

"ಯಾಕಪ್ಪ?" ಎಂದರು ನೆಂಟರು.

"ಯಾಕೆ ಗೀಕೆ ಕೇಳಂಗಿಲ್ಲ. ಖುಷಿಯಾಗ್ರಿ!" ಎಂದು ಕೈಯೆತ್ತಿದ.

ಅಂಥ ಮೌನವನ್ನು ನಾನು ಶಾಲೆಯ ತನಿಖೆಯ ದಿನವೂ ಕೇಳಿಲ್ಲ. ಯಾರೋ ಒಬ್ಬರು ಕೆಮ್ಮಿದರು. ಇನ್ನೊಬ್ಬರು ಒಂದು ಚಪ್ಪಾಳೆ ತಟ್ಟಿ, ಪಕ್ಕದವರು ತಟ್ಟದ್ದನ್ನು ನೋಡಿ ನಾಚಿ, ಸೊಳ್ಳೆ ಹೊಡೆದವರಂತೆ ಅಂಗೈ ನೋಡಿಕೊಂಡರು. ಬೊಮ್ಮಪ್ಪ ಬೈದ. ಬೈದಷ್ಟೂ ಮುಖಗಳು ಇಳಿದವು. ಕೊನೆಗೆ ಕೊರಟಗೆರೆಯ ಚಿಕ್ಕಮ್ಮ, ಪಾಪ, ಅಕ್ಕನ ಮಗನ ಮಾನ ಉಳಿಸಬೇಕೆಂದು ಗಂಟಲೆತ್ತಿದಳು. ಜನ ಸೇರಿದ ಕಡೆ ಆಕೆಗೆ ಅಭ್ಯಾಸವಿದ್ದದ್ದು ಸಾವಿನ ಮನೆಯ ಹಾಡು ಒಂದೇ. "ಅಯ್ಯೋ ನಮ್ಮಪ್ಪ, ಎಲ್ಲೋದ್ಯೋ" ಎಂದು ಅವಳು ಎಳೆದದ್ದೇ ತಡ, ಪುಟ್ಟಕ್ಕನಿಗೆ ಸತ್ತ ಗಂಡನ ನೆನಪಾಯಿತು. ಐದು ನಿಮಿಷದಲ್ಲಿ ಹಿತ್ತಲಲ್ಲಿ ಹದಿನಾಲ್ಕು ಹೆಂಗಸರು ಅಳುತ್ತಿದ್ದರು. ಬೀದಿಯವರು ಮುದ್ದಕ್ಕ ಹೋದಳೆಂದು ತಿಳಿದು ನೋಡಲು ಬಂದರು. ಮುದ್ದಕ್ಕ ಬಾಗಿಲಲ್ಲಿ ಕೂತು, "ಯಾರ್ಲಾ ಹೋದ್ದು? ಒಂದು ಅಳುವೂ ಕೇಳುಸ್ತಿಲ್ವಲ್ಲ, ಯಾರೂ ಇಲ್ದ ಪರದೇಶೀನಾ?" ಎಂದು ಅವರನ್ನೇ ಕೇಳಿದಳು.

ಬೊಮ್ಮಪ್ಪ ಹಗ್ಗದ ರಾಶಿಯ ಹಿಂದೆ ಹೋಗಿ ಕೂತುಬಿಟ್ಟ. ಲಕ್ಷ್ಮಕ್ಕ ಅವನಿಗೆ ಮುದ್ದೆ ತಂದಿಟ್ಟಳು.

"ಮಾವ, ಉಣ್ಣು. ಅವ್ರು ಗಾಡಿ ಇಳೀದಿದ್ರೆ ಏನಾಯ್ತದೆ?"

"ಮುಹೂರ್ತ ಮೀರ್ತದೆ ಕಣವ್ವ. ನಿಬ್ಬಣ ವಾಪಸ್ಸು ಹೋಯ್ತದೆ. ನನ್ ಬಾಯಿಂದ ನಿನ್ ಮದುವೆ ನಿಂತೋಯ್ತದೆ."

"ಅವ್ರು ಇಳೀದಿದ್ರೆ ನಾನೇ ಹತ್ತುತೀನಿ ಬುಡು" ಎಂದಳು ಹುಡುಗಿ. ಅದನ್ನು ತಮಾಷೆಗೆ ಹೇಳಿದಳೆಂದು ನಾವಿಬ್ಬರೂ ತಿಳಿದೆವು.

ಮದುವೆಯ ದಿನ ಹೊತ್ತು ಏರುವ ಮೊದಲೇ ಪಾವಗಡದ ನಿಬ್ಬಣ ಊರ ಬಾಗಿಲ ಹುಣಸೇ ಮರದಡಿಗೆ ಬಂದು ನಿಂತಿತು. ಹನ್ನೊಂದು ಗಾಡಿ. ಮುಂದಿನ ಗಾಡಿಯಲ್ಲಿ ಅಡವಯ್ಯ, ಪಕ್ಕದಲ್ಲಿ ಮದುಮಗ ಓಬಳೇಶ. ಎದುರುಗೊಳ್ಳಲು ನಾವು ಮೂವತ್ತು ಜನ. ಆದರೆ ಊರಿನಿಂದ ಬಂದವರು ಮುನ್ನೂರು ಜನ. ಹಲೇಯೋ ನೋಡುವುದಕ್ಕೆ ಮರದ ಕೊಂಬೆಗಳ ಮೇಲೂ ಜನ. ದಫೇದಾರ್ ನಾಗಲಿಂಗಯ್ಯ ಒಗೆದ ಸಮವಸ್ತ್ರದಲ್ಲಿ ಮುಂದೆಯೇ ನಿಂತಿದ್ದ. ಪಕ್ಕದ ಮನೆಯವಳು ಸೆರಗಿನಲ್ಲಿ ಬೇಯಿಸಿದ ಹುರುಳಿ ಕಟ್ಟಿಕೊಂಡು ಬಂದಿದ್ದಳು.

ನಾನು ಪಟ್ಟಿ ಬಿಚ್ಚಿ ಓದಿದೆ. "ಓಲಗ, ಒಂದು ಜೊತೆ." ಊದಿದರು. "ಆಯ್ತು" ಎಂದ ಅಡವಯ್ಯ. "ತಮಟೆ, ನಾಲ್ಕು." ಬಡಿದರು. "ಆಯ್ತು." "ಕೊಂಬು, ಎರಡು." ಊದಿದರು. "ಆಯ್ತು."

ನಾನು ಕೊನೆಯ ಸಾಲಿಗೆ ಬಂದೆ. "ಹಲೇಯೋ, ಒಂದು."

ಬೊಮ್ಮಪ್ಪ ಕೈಯೆತ್ತಿದ. ನಮ್ಮ ಮೂವತ್ತು ಜನ ನೆಲ ನೋಡಿದರು. ಹಿಂದಿನಿಂದ ಯಾರೋ ಒಬ್ಬರು "ಹೋ" ಅಂದರು, ಎತ್ತು ನಿಲ್ಲಿಸುವವರ ಹಾಗೆ. ಆಗಲೇ ನಿಂತಿದ್ದ ಎತ್ತುಗಳು ಅವರನ್ನು ತಿರುಗಿ ನೋಡಿದವು.

"ಏದಿ?" ಎಂದ ಅಡವಯ್ಯ. ಎಲ್ಲಿ ಎಂದು ಅರ್ಥ.

"ಬತ್ತಾ ಐತೆ ಸ್ವಾಮಿ. ಶಿರಾದಿಂದ ಬರ್ಬೇಕು" ಎಂದ ಬೊಮ್ಮಪ್ಪ.

"ಬರ್ಲಿ. ಕಾಯ್ತೀವಿ."

ಕಾದರು. ಪುರೋಹಿತರು ಚಪ್ಪರದಿಂದ ಒಬ್ಬನನ್ನು ಓಡಿಸಿದರು: ಮುಹೂರ್ತಕ್ಕೆ ಒಂದೂವರೆ ಗಳಿಗೆ. ಇನ್ನೊಬ್ಬನನ್ನು ಓಡಿಸಿದರು: ಒಂದು ಗಳಿಗೆ. ಪುಟ್ಟಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅಡವಯ್ಯನಿಗೂ ಇಳಿಯುವ ಆಸೆ ಇತ್ತೆಂದು ಅವನ ಮುಖ ಹೇಳುತ್ತಿತ್ತು. ಬಿಸಿಲಿಗೆ ಅವನ ಮೀಸೆಯ ಹುರಿಯೇ ಬಿಚ್ಚಿಕೊಳ್ಳುತ್ತಿತ್ತು. ಆದರೆ ಎರಡು ಹಲೇಯೋ ಇಟ್ಟವನು ಒಂದೂ ಇಲ್ಲದೆ ಹೇಗೆ ಇಳಿದಾನು? ಓಬಳೇಶ ಬಾಯಿ ತೆರೆಯಲು ಹೋದ. ದೊಡ್ಡಪ್ಪ "ಊರ್ಕೋ" ಎಂದು ಗದರಿಸಿ ಸುಮ್ಮನಿರಿಸಿದ. ಬೊಮ್ಮಪ್ಪ ನನ್ನ ಕಡೆ ನೋಡಿದ. ಆ ಮುಖವನ್ನು ನೋಡಿ, ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಕರಗಿತು.

ಅಷ್ಟರಲ್ಲಿ ಜನ ಎರಡು ಸೀಳಾಗಿ ದಾರಿ ಬಿಟ್ಟರು. ಅರಿಸಿನದ ಸೀರೆ, ಹಣೆಗೆ ಬಾಸಿಂಗ, ಕೈಯಲ್ಲಿ ಸೆರಗಿನ ತುದಿ ಹಿಡಿದುಕೊಂಡು ಮದುಮಗಳು ಲಕ್ಷ್ಮಕ್ಕ ನಡೆದು ಬರುತ್ತಿದ್ದಳು. ಹಿಂದೆ ಅವಳನ್ನು ಹಿಡಿಯಲು ಬಂದ ಕೊರಟಗೆರೆಯ ಚಿಕ್ಕಮ್ಮ ಏದುಸಿರು ಬಿಡುತ್ತಿದ್ದಳು. ಲಕ್ಷ್ಮಕ್ಕ ನೇರವಾಗಿ ಮುಂದಿನ ಗಾಡಿಯ ಹತ್ತಿರ ಬಂದು ನಿಂತಳು.

"ದೊಡ್ಡಮಾವ, ನೀವು ಇಳೀಬೇಡಿ. ನಿಮ್ ಮಾತು ನಿಮ್ಗಿರ್ಲಿ. ವಸಿ ಅತ್ತ ಸರೀರಿ" ಎಂದು ಹೇಳಿ, ಚಕ್ರದ ಮೇಲೆ ಕಾಲಿಟ್ಟು ಗಾಡಿ ಹತ್ತಿ, ಓಬಳೇಶನ ಪಕ್ಕ ಕೂತೇಬಿಟ್ಟಳು.

ಮದುಮಗಳು ತಾನೇ ನಿಬ್ಬಣದ ಗಾಡಿ ಹತ್ತಿದ್ದನ್ನು ಮಧುಗಿರಿಯೂ ಕಂಡಿರಲಿಲ್ಲ, ಪಾವಗಡವೂ ಕಂಡಿರಲಿಲ್ಲ. ಕೊಂಬಿನವನಿಗೆ ದಿಗಿಲಾಗಿ ಬಾಯಲ್ಲಿದ್ದ ಉಸಿರೆಲ್ಲ ಕೊಂಬಿನೊಳಗೆ ಹೋಯಿತು. ಕೊಂಬಿನ ಬಾಯಿ ಅಡವಯ್ಯನ ಬಲಗಡೆ ಎತ್ತಿನ ಕಿವಿಯ ಬಳಿ ಇತ್ತು.

ಎತ್ತುಗಳು ಕಿತ್ತುಕೊಂಡವು. ಮದುಮಗ, ಮದುಮಗಳು, ರುಮಾಲು ಹಿಡಿದ ಅಡವಯ್ಯ ಮೂವರನ್ನೂ ಹೊತ್ತು ಗಾಡಿ ಗಂಟೆ ಬಾರಿಸುತ್ತಾ ಊರೊಳಗೆ ನುಗ್ಗಿತು. "ಹಿಡೀರ್ಲಾ!" ಎಂದು ಮೂವತ್ತು ಜನ, "ಪಟ್ಟುಕೋಂಡ್ರಾ!" ಎಂದು ಹತ್ತು ಗಾಡಿಯ ಜನ, ನೋಡಲು ಬಂದ ಮುನ್ನೂರು ಜನ, ಎಲ್ಲರೂ ಹಿಂದೆ ಓಟ. ನಿಲ್ಲಿಸಿ ಎಂದು ಯಾರೂ ಹೇಳದೆ ಇದ್ದುದರಿಂದ ಓಲಗದವರು ಓಡುತ್ತಲೇ ಊದಿದರು, ತಮಟೆಯವರು ಓಡುತ್ತಲೇ ಬಡಿದರು. ದಫೇದಾರ ಶೀಟಿ ಊದುತ್ತಾ ಓಡಿದ. ಗಾಡಿಯ ಮೇಲಿಂದ ಲಕ್ಷ್ಮಕ್ಕನ ನಗು ಮೊದಲು ಕೇಳಿತು. ಆಮೇಲೆ ಮಾತು ಕಡಿಮೆಯೆಂದಿದ್ದ ಓಬಳೇಶ ಎದ್ದು ನಿಂತು, ಹಗ್ಗ ಹಿಡಿದು "ಹೊಡಿ! ಹೊಡಿ!" ಎಂದು ಕೂಗಿ ನಕ್ಕ. ಅದನ್ನು ಕಂಡು ಪಾವಗಡದ ಹೆಂಗಸರು ಬಿದ್ದು ಬಿದ್ದು ನಕ್ಕರು. ನಮ್ಮ ಹೆಂಗಸರು ಸೋಬಾನೆ ಎತ್ತಿದರು. ಬೀದಿಯ ಎರಡೂ ಕಡೆ ಜಗಲಿಯ ಮೇಲಿದ್ದವರು ಚಪ್ಪಾಳೆ ತಟ್ಟಿ ಕುಣಿದರು. ಪಕ್ಕದ ಮನೆಯವಳ ಹುರುಳಿ ಬೀದಿಯೆಲ್ಲ ಚೆಲ್ಲಿತು. ಊರಿನ ಕೋಳಿಗಳೆಲ್ಲ ಕೂಗುತ್ತಾ ಅದಕ್ಕೆ ಬಿದ್ದವು. ನಾನು ಪಟ್ಟಿಯನ್ನು ಎತ್ತಿ ಹಿಡಿದು ಓಡುತ್ತಿದ್ದೆ. ಏನೋ ಕೂಗುತ್ತಲೂ ಇದ್ದೆನಂತೆ. ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಚಪ್ಪರದ ಮುಂದೆ, ಆಗ ತಾನೇ ಶಿರಾದಿಂದ ಬಂದು ತಟ್ಟು ಕುದುರೆಯಿಂದ ಇಳಿಯುತ್ತಿದ್ದ ಬಾಷಾ ಸಾಬ್ ಎರಡು ಹೆಜ್ಜೆ ಮುಂದೆ ಹಾರಿ ಎತ್ತಿನ ಮೂಗುದಾರ ಹಿಡಿದ. ಅದೇ ಎತ್ತಿಗೆ ಹೋದ ತಿಂಗಳು ಅವನೇ ಲಾಳ ಕಟ್ಟಿದ್ದನಂತೆ. ಅದು ಅವನ ಮುಖ ಕಂಡದ್ದೇ ಮೊಳೆಯ ನೆನಪಾಗಿ ಗಪ್ಪನೆ ನಿಂತಿತು. ಬಾಷಾ ಸಾಬ್ ಬರುತ್ತಿದ್ದ ಜನಸಾಗರವನ್ನು ನೋಡಿದ, ಕಿವಿಗೊಟ್ಟು ಕೇಳಿದ. ಮುಖ ಅರಳಿ, ಮೂಗುದಾರ ಬಿಟ್ಟು, ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತಾ ಕೂಗಿದ:

"ಹಲೇಯೋ! ಅರೇ ವಾಹ್, ಹಲೇಯೋ!"

ಬೊಮ್ಮಪ್ಪ ಓಡಿ ಬಂದು ಗಾಡಿಯ ಮುಂದೆ ನಿಂತ. ಉಸಿರಿಲ್ಲ, ಪಂಚೆ ಅರ್ಧ ಕೈಯಲ್ಲಿ. ಅಡವಯ್ಯ ಇನ್ನೂ ಗಾಡಿಯ ಮೇಲೆಯೇ ಇದ್ದ. ಮುಹೂರ್ತಕ್ಕೆ ಕಾಲು ಗಳಿಗೆ. ನಾನು ಪಟ್ಟಿ ಹಿಡಿದು, ಉಳಿದಿದ್ದ ದನಿಯಲ್ಲಿ ಇನ್ನೊಮ್ಮೆ ಓದಿದೆ: "ಹಲೇಯೋ, ಒಂದು."

"ಅಡವಯ್ಯನೋರೇ" ಎಂದ ಬೊಮ್ಮಪ್ಪ ಕೈಮುಗಿದು, "ನೀವು ಎರಡು ಇಟ್ಟೋರು. ನಿಮ್ಗೆ ಗೊತ್ತಿಲ್ದೇ ಇರೋದೇನೈತೆ? ಇದು ಸರಿ ಐತಾ, ನೋಡಿ ಹೇಳಿ."

ಜನವೆಲ್ಲ ಅಡವಯ್ಯನ ಮುಖ ನೋಡಿದರು. ಅವನು ರುಮಾಲನ್ನು ನೆಟ್ಟಗೆ ಮಾಡಿಕೊಂಡ. ಪಕ್ಕದಲ್ಲಿ ನಗು ತಡೆಯಲಾರದೆ ಮುಖ ಮುಚ್ಚಿಕೊಂಡಿದ್ದ ಮದುಮಗಳನ್ನು ನೋಡಿದ. ತನ್ನ ಮಗನಂಥ ಓಬಳೇಶ, ಹುಟ್ಟಿದಾಗಿನಿಂದ ನಗದವನು, ಹಲ್ಲು ಕಿರಿದು ನಿಂತಿದ್ದನ್ನು ನೋಡಿದ. ಅವನ ಮೀಸೆಯ ಎರಡೂ ತುದಿ ಮೆಲ್ಲಗೆ ಮೇಲೆದ್ದವು.

"ಆಯ್ತು" ಎಂದ. ಗಾಡಿಯಿಂದ ಇಳಿದು, ಬೊಮ್ಮಪ್ಪನನ್ನು ಎರಡೂ ತೋಳಿಂದ ಬಾಚಿ ತಬ್ಬಿಕೊಂಡು, ಅವನ ಕಿವಿಯಲ್ಲಿ, ಆದರೆ ಮುನ್ನೂರು ಜನಕ್ಕೂ ಕೇಳುವಂತೆ ಹೇಳಿದ: "ಬಾಗುಂದಯ್ಯಾ, ಚೆನ್ನಾಗೈತೆ. ನಮ್ದು ಮಾತ್ರ ಇದಕ್ಕಿಂತ ವಸಿ ಜೋರಾಗಿತ್ತು."

ಆಗ ಎದ್ದ ಕೂಗಿಗೆ ಚಪ್ಪರದ ಮಾವಿನ ಎಲೆಗಳು ಉದುರಿದವು. ದಫೇದಾರ್ ನಾಗಲಿಂಗಯ್ಯ ನನ್ನ ಭುಜ ತಟ್ಟಿ, "ಬರ್ಕಳಿ ಮೇಷ್ಟ್ರೇ, ಖುದ್ದು ನೋಡಲಾಯಿತು, ಸುಸ್ಥಿತಿಯಲ್ಲಿದೆ" ಎಂದ. ಮದುಮಕ್ಕಳನ್ನು ಹಸೆಗೆ ಕರೆದುಕೊಂಡು ಹೋದರು. ಓಲಗ, ತಮಟೆ, ಕೊಂಬು, ಸೋಬಾನೆ, ಬಾಷಾ ಸಾಬನ ಚಪ್ಪಾಳೆ ಯಾವುದೂ ನಿಲ್ಲಲಿಲ್ಲ.

ಮನೆ ಬಾಗಿಲ ಪಕ್ಕ ಕೂತಿದ್ದ ಮುದ್ದಕ್ಕ ತಲೆಯೆತ್ತಿದಳು. ಹುಬ್ಬು ಗಂಟಿಕ್ಕಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಆಮೇಲೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಹತ್ತು ವರ್ಷದಲ್ಲಿ ಮೊದಲ ಸಲ ಮಗನನ್ನು ಬೈದಳು:

"ಏನ್ಲಾ ಬೊಮ್ಮ ಇದು ಗಲಾಟೆ! ಸಾಕು ನಿಲ್ಸ್ಲಾ, ಕೇಳ್ತಾ ಐತೆ!"

ಬೊಮ್ಮಪ್ಪ ಬಾಗಿಲಲ್ಲೇ ತಾಯಿಯ ಕಾಲ ಬಳಿ ಕುಕ್ಕರಿಸಿದ. ನಗುತ್ತಿದ್ದನೋ ಅಳುತ್ತಿದ್ದನೋ, ಆ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.